ಹಳೆಯ ಕ್ವಾರ್ಟರ್ಸ್ ಜಾಗದ ಹೊಸ ವಸತಿ ಸಮುಚ್ಚಯ: ಕೊಳ್ಳುವ ಮೊದಲು ಸಂಘದ ಕಾಗದ ಓದಿ

ಹುಬ್ಬಳ್ಳಿಯಲ್ಲಿ ಹಳೆಯ ಸರ್ಕಾರಿ ಕ್ವಾರ್ಟರ್ಸ್ ಕೆಡವಿದ ಜಾಗದಲ್ಲಿ ಎದ್ದಿರುವ ನಮ್ಮ ವಸತಿ ಸಮುಚ್ಚಯದಲ್ಲಿ ಎರಡು ಬಗೆಯ ಮನೆಗಳಿವೆ. ಮೊದಲು ಅಲ್ಲಿಯೇ ಇದ್ದ ಕುಟುಂಬಗಳಿಗೆ ಹಂಚಿಕೆಯಾದ ಸಣ್ಣ ಮನೆಗಳು ಹಿಂಭಾಗದ ಬ್ಲಾಕುಗಳಲ್ಲಿವೆ; ನನ್ನ ಹಾಗೆ ಬ್ಯಾಂಕಿನ ಸಾಲ ಮಾಡಿ ಮಾರುಕಟ್ಟೆಯ ದರಕ್ಕೆ ಕೊಂಡವರ ಎರಡು ಬೆಡ್‌ರೂಮಿನ ಮನೆಗಳು ರಸ್ತೆಯ ಕಡೆಗಿವೆ. ಇಲ್ಲಿ ಮನೆ ಕೊಳ್ಳಬಹುದೇ ಎಂದು ವಿಚಾರಿಸುವವರು ಹೆಚ್ಚಾಗಿದ್ದಾರೆ. ಈ ಬರಹ ಅವರಿಗಾಗಿ. ಕಟ್ಟಡದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ದೂರಿರುವುದು ಅದನ್ನು ನಡೆಸುತ್ತಿರುವ ರೀತಿಯ ಬಗ್ಗೆ.

ಗೋಡೆ, ಗಿಲಾವು, ಟೈಲ್ಸ್ ಚೆನ್ನಾಗಿವೆ; ಮಳೆಗಾಲದಲ್ಲಿ ಎಲ್ಲಿಯೂ ಸೋರಿಲ್ಲ. ಹಂಚಿಕೆಯ ಮನೆಗಳ ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗೆ ಬಳಕೆಗೆ ಸಿಗುವ ಜಾಗ) 30 ಚದರ ಮೀಟರ್, ಅಂದರೆ ಸುಮಾರು 323 ಚದರ ಅಡಿ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯು ನಗರಗಳ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಗೊತ್ತುಪಡಿಸಿದ್ದ ಮಿತಿಯೂ ಇಷ್ಟೇ. ಆ ಬ್ಲಾಕುಗಳಿಗೆ ಲಿಫ್ಟ್ ಇಲ್ಲ. ಹಿರಿಯರಿಗೂ ಅಂಗವಿಕಲರಿಗೂ ಆದಷ್ಟು ನೆಲಮಹಡಿ ಅಥವಾ ಕೆಳಗಿನ ಮಹಡಿಗಳನ್ನೇ ಕೊಡಬೇಕೆಂದು ಆ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಇಲ್ಲಿ ಎಲ್ಲರ ಹೆಸರನ್ನೂ ಒಟ್ಟಿಗೆ ಹಾಕಿ ಚೀಟಿ ಎತ್ತಿದ್ದರಿಂದ, ಮೊಣಕಾಲು ನೋವಿನ ಅಜ್ಜಿಯರು ಮೂರನೆಯ ಮಹಡಿಯಿಂದ ಇಳಿಯುವುದನ್ನೇ ಬಿಟ್ಟಿದ್ದಾರೆ.

ಈ ಊರಿನಲ್ಲಿ ನೀರಿನ ಮಾತು ಬಿಟ್ಟು ಮನೆಯ ಮಾತನಾಡಲಾಗದು. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಪ್ರಾಯೋಗಿಕವಾಗಿ ಹಗಲಿರುಳು ನೀರು ಬಂದಿತಾದರೂ, ಉಳಿದ ಭಾಗಗಳು ಆಮೇಲೂ ವರ್ಷಗಟ್ಟಲೆ ದಿನ ಎಣಿಸಿಯೇ ನೀರು ತುಂಬಿಕೊಂಡಿವೆ. ನಮ್ಮಲ್ಲಿ ಸಂಪು ದೊಡ್ಡದಿರುವುದರಿಂದ ರಸ್ತೆಯ ಕಡೆಯ ಬ್ಲಾಕುಗಳಿಗೆ ಕೊರತೆಯಾಗಿಲ್ಲ. ಹಿಂದಿನ ಬ್ಲಾಕುಗಳ ಟ್ಯಾಂಕಿಗೆ ಮೋಟರು ಹಚ್ಚುವುದು ಮಾತ್ರ ಎಲ್ಲರದೂ ಆದ ಮೇಲೆ. ಮೋಟರಿನ ಕರೆಂಟ್ ಬಿಲ್ಲನ್ನು ಎಲ್ಲ ಮನೆಗಳಿಗೂ ಸಮವಾಗಿ ಹಂಚುವವರು ನೀರನ್ನು ಹಾಗೆ ಹಂಚುವುದಿಲ್ಲ.

ಹಿಂದಿನ ಬ್ಲಾಕಿನ ಹಲವು ಹೆಣ್ಣುಮಕ್ಕಳು ಜೋಳದ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಟ್ಟು ಸಂಸಾರ ನಡೆಸುವವರು. ಹಳೆಯ ಕ್ವಾರ್ಟರ್ಸಿನಲ್ಲಿ ಮನೆ ಮುಂದೆ ಒಲೆ ಹೂಡಿ, ಅಲ್ಲಿಯೇ ರೊಟ್ಟಿ ಒಣಗಿಸಿ, ಅಲ್ಲಿಂದಲೇ ಮಾರುತ್ತಿದ್ದರು. ಈಗ ಅದೇ ಕೆಲಸ ಸಣ್ಣ ಅಡುಗೆಮನೆಯಲ್ಲಿ, ಗ್ಯಾಸಿನ ಮೇಲೆ ನಡೆಯುತ್ತದೆ. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿನಿಂದ ನಿದ್ದೆ ಕೆಡುತ್ತದೆ ಎಂಬ ದೂರು ಬಂದ ಮೇಲೆ, ಏಳು ಗಂಟೆಗೆ ಮೊದಲು ರೊಟ್ಟಿ ಬಡಿಯಬಾರದೆಂದು ಸಮುಚ್ಚಯವನ್ನು ನಡೆಸುವ ಮಾಲೀಕರ ಸಂಘ ನೋಟಿಸು ಅಂಟಿಸಿತು. ‘ಏಳಕ್ಕ ಚಾಲೂ ಮಾಡಿದ್ರ ಖಾನಾವಳಿಗೆ ಯಾವಾಗ ಮುಟ್ಟಸೂದ್ರೀ ಅಕ್ಕಾರ?’ ಎಂದು ಅವರಲ್ಲೊಬ್ಬರು ನನ್ನನ್ನು ಕೇಳಿದರು. ಅದೇ ನೋಟಿಸಿನಲ್ಲಿ ಗಿರ್ಮಿಟ್-ಮಿರ್ಚಿಯ ಗಾಡಿಗಳನ್ನು ಗೇಟಿನೊಳಗೆ ನಿಲ್ಲಿಸುವುದನ್ನೂ, ಹೋಳಿಹಬ್ಬದಲ್ಲಿ ಅಂಗಳದಲ್ಲಿ ಹಲಗಿ ಬಾರಿಸುವುದನ್ನೂ ನಿಷೇಧಿಸಲಾಗಿತ್ತು. ಹುಬ್ಬಳ್ಳಿಯಲ್ಲಿ ಹಲಗಿಯಿಲ್ಲದ ಹೋಳಿಯೇ?

ಇಂಥ ನೋಟಿಸು ಹೊರಡುವುದಕ್ಕೆ ಯಾರದೋ ಕೆಟ್ಟ ಮನಸ್ಸು ಬೇಕಿಲ್ಲ. ಮತದ ಲೆಕ್ಕವೇ ಸಾಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಸಾಮಾನ್ಯ ಜಾಗದ ಮೇಲಿನ ಪಾಲು ಮನೆಯ ಮೌಲ್ಯವನ್ನು ಅನುಸರಿಸುತ್ತದೆ, ಮತ್ತು ಬಹುಮತವನ್ನು ಘೋಷಣಾಪತ್ರದಲ್ಲಿ (ಪ್ರತಿ ಮನೆಯ ಪಾಲನ್ನು ಬರೆದಿರುವ ದಾಖಲೆ) ನಮೂದಿಸಿದ ಶೇಕಡಾವಾರಿನಂತೆ ಎಣಿಸಲಾಗುತ್ತದೆ. ಅಂದರೆ ಸಣ್ಣ ಮನೆಗೆ ಮತದ ತೂಕವೂ ಕಡಿಮೆ. ನಮ್ಮಲ್ಲಿ ಹಂಚಿಕೆಯ ಮನೆಯವರ ಕೈಯಲ್ಲಿರುವುದು ಹಂಚಿಕೆ ಪತ್ರ ಮಾತ್ರ, ಕ್ರಯಪತ್ರ ಇನ್ನೂ ಆಗಿಲ್ಲ. ಆದ್ದರಿಂದ ಸಭೆಯಲ್ಲಿ ಅವರಿಗೆ ಮತವಿಲ್ಲ, ಆದರೂ ತಿಂಗಳ ಮೆಂಟೆನೆನ್ಸ್ ತಪ್ಪುವುದಿಲ್ಲ.

ಅಮೆರಿಕದ ಶಿಕಾಗೊ ಈ ತೊಡಕನ್ನು ನಮಗಿಂತ ಮೊದಲೇ ಕಂಡಿದೆ. ಅಲ್ಲಿ 1962ರಲ್ಲಿ ಪೂರ್ಣಗೊಂಡ ರಾಬರ್ಟ್ ಟೇಲರ್ ಹೋಮ್ಸ್ ಎಂಬ ಸರ್ಕಾರಿ ವಸತಿಯಲ್ಲಿ 16 ಮಹಡಿಯ 28 ಕಟ್ಟಡಗಳಿದ್ದವು. 2007ರ ಹೊತ್ತಿಗೆ ಅವೆಲ್ಲವನ್ನೂ ಕೆಡವಲಾಯಿತು. ಬಡವರನ್ನೆಲ್ಲ ಒಂದೇ ಕಡೆ ತುಂಬಿದ್ದೇ ತಪ್ಪೆಂದು ತೀರ್ಮಾನಿಸಿದ ನಗರವು, 2000ರಲ್ಲಿ 25,000 ಮನೆಗಳನ್ನು ಹೊಸದಾಗಿ ಕಟ್ಟುವ ಅಥವಾ ದುರಸ್ತಿ ಮಾಡುವ ಯೋಜನೆ ಹಿಡಿದು, ಕೆಡವಿದ ಹಲವು ಜಾಗಗಳಲ್ಲಿ ಹಳೆಯ ಬಾಡಿಗೆದಾರರು, ಮಧ್ಯಮ ಆದಾಯದವರು ಮತ್ತು ಮಾರುಕಟ್ಟೆ ದರ ಕೊಡಬಲ್ಲವರು ಒಟ್ಟಿಗೆ ಇರುವ ವಸತಿಗಳನ್ನು ಕಟ್ಟಿಸಿತು. ಹಳಬರಿಗೆ ಮರಳಿ ಬರುವ ಹಕ್ಕು ಕಾಗದದಲ್ಲಿತ್ತು, ಆದರೆ ಅನೇಕರು ಮರಳಲೇ ಇಲ್ಲ. ಮರಳಿದವರ ಮನೆಮುಂದಿನ ಕೂಟಗಳಿಗೂ ಹೊರಗಿನ ಅಡುಗೆಗೂ ನಿಯಮಗಳು ಬಂದವು. ಮಾಲೀಕರ ಸಂಘದಲ್ಲಿ ಬಾಡಿಗೆದಾರರಿಗೆ ಮತವಿರಲಿಲ್ಲ. ನಮ್ಮವರು ಮರಳಿ ಬಂದಿದ್ದಾರೆ ಎಂಬುದು ಈ ಸಮುಚ್ಚಯದ ದೊಡ್ಡ ಗುಣ, ಅದನ್ನು ನಾನು ಮನಃಪೂರ್ವಕ ಮೆಚ್ಚುತ್ತೇನೆ. ಮಕ್ಕಳಂತೂ ಯಾವ ಬ್ಲಾಕು ಎಂದು ಕೇಳದೆ ಒಂದೇ ಅಂಗಳದಲ್ಲಿ ಆಡುತ್ತಾರೆ.

ಮನೆಯ ಮಟ್ಟಿಗೆ ಐದಕ್ಕೆ ನಾಲ್ಕು, ನಿರ್ವಹಣೆಗೆ ಒಂದೂವರೆ. ಕೊಳ್ಳುವವರು ಮುಂಗಡ ಕೊಡುವ ಮೊದಲು ಘೋಷಣಾಪತ್ರ ಮತ್ತು ಸಂಘದ ಬೈಲಾ (ನಿಯಮಾವಳಿ) ಕೇಳಿ ಓದಿ, ಹಂಚಿಕೆಯ ಮನೆಯವರಿಗೆ ಸಮಿತಿಯಲ್ಲಿ ಸ್ಥಾನವಿದೆಯೇ ಎಂದು ನೋಡಿ. ಹಂಚಿಕೆ ಪಡೆಯುವವರು ಮನೆಯಲ್ಲಿ ವಯಸ್ಸಾದವರಿದ್ದರೆ ಚೀಟಿ ಎತ್ತುವ ಮೊದಲೇ ಕೆಳಗಿನ ಮಹಡಿಗಾಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರುವ ಸರ್ವಸದಸ್ಯರ ಸಭೆಗೆ ನಾವು ಕೆಲವು ಮಾಲೀಕರು ಮೂರು ವಿಷಯ ಕೊಟ್ಟಿದ್ದೇವೆ: ಪ್ರತಿ ಬ್ಲಾಕಿಗೆ ಒಬ್ಬ ಪ್ರತಿನಿಧಿ, ಟ್ಯಾಂಕುಗಳಿಗೆ ಸರದಿಯ ಪ್ರಕಾರ ನೀರು, ಮತ್ತು ಖಾಲಿ ಬಿದ್ದಿರುವ ನೆಲಮಹಡಿಯ ಒಂದು ಕೋಣೆ ರೊಟ್ಟಿ ಮಾಡುವವರಿಗೆ.