ಬ್ಯಾಂಕಾಕ್‌ಗೆ ಹೋಗೋರು ಗಮನಿಸಿ: ಅರಮನೆ ಕ್ಲೋಸ್ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ

ಆಫೀಸ್ ಕೆಲಸಕ್ಕೆ ಮೂರು ದಿನ ಬ್ಯಾಂಕಾಕ್‌ಗೆ ಹೋಗಿದ್ದೆ, ಎರಡು ದಿನ ಸುಖುಮ್ವಿತ್ ಕಡೆ ಮೀಟಿಂಗಲ್ಲೇ ಮುಗೀತು, ಊರು ನೋಡಿದ್ದು ಅಂದ್ರೆ ಹೋಟೆಲ್ ಕಿಟಕಿಯಿಂದ, ಬಿಟಿಎಸ್ ಟ್ರೈನಿಂದ ಅಷ್ಟೇ. ಆದ್ರೂ ಪರದೇಶ ಅನ್ನಿಸ್ಲೇ ಇಲ್ಲ. ಏರ್‌ಪೋರ್ಟ್ ಹೆಸರೇ ಸುವರ್ಣಭೂಮಿ, ಒಳಗಡೆ ಸಮುದ್ರಮಥನದ ಇಷ್ಟುದ್ದ ಶಿಲ್ಪ, ಮಾಲ್‌ಗಳ ಮಧ್ಯೆ ರೋಡ್ ಪಕ್ಕದಲ್ಲೇ ನಾಲ್ಕು ಮುಖದ ಬ್ರಹ್ಮ. ಎಲ್ಲಾ ನಮ್ದೇ ಅನ್ನಿಸಿ ಮೈಮರೆತೆ ಅಂತ ಈಗ ಅನ್ಸತ್ತೆ.

ಮೂರನೇ ದಿನ ರಾತ್ರಿ ಫ್ಲೈಟು, ಮಧ್ಯಾಹ್ನ ಫ್ರೀ. ಗ್ರ್ಯಾಂಡ್ ಪ್ಯಾಲೇಸ್ ಅಂದ್ರೆ ಅಲ್ಲಿನ ಅರಮನೆ, ಅದರ ಆವರಣದಲ್ಲಿ ರಾಮಾಯಣ ಪೂರ್ತಿ ಗೋಡೆ ಮೇಲೆ ಬರೆದಿದ್ದಾರೆ, ರಾಮಕಿಯನ್ ಅಂತಾರೆ, 178 ಚಿತ್ರ, ಅದನ್ನ ನೋಡ್ಲೇಬೇಕು ಅಂತ ಮೆಟ್ರೋ ಹತ್ತಿ ಸನಾಮ್ ಚಾಯ್‌ನಲ್ಲಿ ಇಳಿದು ನಡ್ಕೊಂಡು ಹೊರಟೆ. ಗೇಟಿಗೆ ಇನ್ನೂ ಸ್ವಲ್ಪ ದೂರ ಇತ್ತು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಮೇಷ್ಟ್ರ ಥರ ಇದ್ದ ಒಬ್ರು ನಿಲ್ಲಿಸಿ, "ಈಗ ಪೂಜೆ ನಡೀತಿದೆ ಸರ್, ಮೂರೂವರೆಗೆ ತೆಗೀತಾರೆ" ಅಂದ್ರು. ನನ್ನ ಮ್ಯಾಪ್ ಇಸ್ಕೊಂಡು ಪೆನ್ನಲ್ಲಿ ಮೂರು ಕಡೆ ಸುತ್ತು ಹಾಕಿ, ಇವತ್ತು ಸರ್ಕಾರಿ ಆಫರ್ ಇದೆ, ಟುಕ್ ಟುಕ್ (ಅಲ್ಲಿನ ಆಟೋ) ಬರೀ 20 ಬಾತ್ (ಅಲ್ಲಿನ ದುಡ್ಡು) ಅಂತ ಅವ್ರೇ ಕೈ ತೋರ್ಸಿ ನಿಲ್ಲಿಸಿದ್ರು. ಅಲ್ಲೇ ಡೌಟ್ ಬರ್ಬೇಕಿತ್ತು, 20 ಬಾತ್‌ಗೆ ಊರೆಲ್ಲಾ ಯಾವನು ಸುತ್ತುಸ್ತಾನೆ?

ಮೊದ್ಲು ಒಂದು ಚಿಕ್ಕ ಗುಡಿ, ಜನಾನೇ ಇಲ್ಲ. ಅಲ್ಲಿ ಸುಮ್ನೆ ಕೂತಿದ್ದ ಇನ್ನೊಬ್ಬ ಮಾತಿಗೆ ಮಾತು ಬಂದು, ಅದೇ ಸರ್ಕಾರಿ ಆಫರ್ ಮಾತೆತ್ತಿ, ಈ ವಾರ ಹರಳಿಗೆ ಟ್ಯಾಕ್ಸ್ ಇಲ್ಲ, ನಿಮ್ಮ ದೇಶದಲ್ಲಿ ಮಾರಿದ್ರೆ ಡಬಲ್ ಅಂದ. ಅವನೂ ಆ ಬಿಳಿ ಶರ್ಟಿನೋರ ಕಡೆಯೋನೇ ಅಂತ ನಂಗೆ ಹೊಳೀಲೇ ಇಲ್ಲ, ಇಬ್ರು ಬೇರೆ ಬೇರೆ ಜನ ಒಂದೇ ಮಾತು ಹೇಳ್ತಿದ್ದಾರೆ ಅಂದ್ರೆ ನಿಜ ಇರ್ಬೇಕು ಅಂದ್ಕೊಂಡೆ. ಆಮೇಲೆ ಬಟ್ಟೆ ಹೊಲಿಯೋ ಅಂಗಡಿ, "ಐದೇ ನಿಮಿಷ ಒಳಗೆ ಹೋಗ್ಬನ್ನಿ ಸರ್, ನಂಗೆ ಗ್ಯಾಸ್ ಕೂಪನ್ ಸಿಗತ್ತೆ" ಅಂತ ಡ್ರೈವರ್ ಗೋಗರೆದ. ಕೊನೆಗೆ ಹರಳಿನ ಅಂಗಡಿ. ಎಸಿ, ಜ್ಯೂಸು, ಸರ್ಟಿಫಿಕೇಟು. ಹೆಂಡ್ತಿಗೆ ಅಂತ ನೀಲಿ ಕಲ್ಲಿನ ಪೆಂಡೆಂಟ್ ತಗೊಂಡೆ, 9,000 ಬಾತ್, ಕಾರ್ಡ್ ಉಜ್ಜಿದ್ದೂ ಆಯ್ತು. ಹೊರಗೆ ಬಂದ್ರೆ ಟುಕ್ ಟುಕ್ಕೇ ಇಲ್ಲ!

ಇನ್ನೊಂದು ಗಾಡಿ ಹಿಡ್ಕೊಂಡು ಅರಮನೆಗೆ ಬರೋಷ್ಟರಲ್ಲಿ ಮೂರೂ ಮುಕ್ಕಾಲು. ಟಿಕೆಟ್ ಕೌಂಟರ್ ಮುಚ್ಚೋದೇ ಮೂರೂವರೆಗಂತೆ. ಜನ ಫೋಟೋ ನೋಡ್ಕೊಂಡು ನಗ್ತಾ ಹೊರಗೆ ಬರ್ತಿದ್ರು. ಊರಿಗೆ ಬಂದು ಅಕ್ಕಸಾಲಿಗರಿಗೆ ತೋರಿಸಿದೆ, ಲೆನ್ಸ್ ಇಟ್ಟು ಸುಮಾರು ಹೊತ್ತು ನೋಡಿ "ಕಲ್ಲೇನೋ ಅಸಲೀನೇ ಸರ್, ರೇಟು ಅಸಲಿ ಅಲ್ಲ" ಅಂದ್ರು.

ಬೆಳಿಗ್ಗೆ ಎಂಟೂವರೆಯಿಂದ ಅರಮನೆ ತೆರೆದಿರತ್ತೆ, ರಾಜಮನೆತನದ ಕಾರ್ಯಕ್ರಮ ಇದ್ರೆ ಮಾತ್ರ ಬೇರೆ ಮಾತು. ಯಾರು ಏನೇ ಹೇಳ್ಲಿ, ಗೇಟ್ ತನಕ ನಡೀರಿ, ಅಲ್ಲಿನ ಸಿಬ್ಬಂದೀನ ಕೇಳಿ. ಚಡ್ಡಿ, ತೋಳಿಲ್ಲದ ಬಟ್ಟೆ ಹಾಕ್ಕೊಂಡ್ರೆ ಒಳಗೆ ಬಿಡಲ್ಲ. ಮೋಸ ಆದ್ರೆ ಟೂರಿಸ್ಟ್ ಪೊಲೀಸ್ ನಂಬರ್ 1155, ಅಲ್ಲಿರುವಾಗ್ಲೇ ಮಾಡಿ, ನನ್ನ ಥರ ವಾಪಸ್ ಬಂದ್ಮೇಲೆ ಗೂಗಲ್ ಮಾಡ್ಬೇಡಿ. ಅಂದಹಾಗೆ ಗೇಟ್ ಹತ್ರ ಮೈಕಲ್ಲಿ ಇದನ್ನೇ ಹೇಳ್ತಿದ್ರು, ಹೊರಗಿನೋರ ಮಾತು ನಂಬ್ಬೇಡಿ ಅಂತ. ಆ ಬಿಳಿ ಶರ್ಟಿನೋರು ನಿಂತಿದ್ದ ಜಾಗಕ್ಕೆ ಅದು ಕೇಳ್ಸಲ್ಲ.