ಊರಿನ ಮನೆಗೆ ಬೀಗ ಹಾಕಿ ಬಂದಿದ್ದೀರಾ? ನಮಗಾದದ್ದನ್ನು ಓದಿ

2024ರ ಅಕ್ಟೋಬರ್ 17, ಸೀಗಿ ಹುಣ್ಣಿಮೆ. ನಮ್ಮ ಕಡೆ ಭೂಮಿ ಹುಣ್ಣಿಮೆ ಅಂತೀವಿ, ಬಸಿರಾದ ಭೂಮಿತಾಯಿಗೆ ಬಯಕೆ ಉಣಿಸುವ ಹಬ್ಬ. ಅಮ್ಮ ಬೆಂಗಳೂರಿನ ಮನೆಯಲ್ಲೇ ಚರಗದ, ಅಂದರೆ ಭೂಮಿಗೆ ಎಡೆ ಇಡುವ ಅಡುಗೆ ಮಾಡಿ ಬುಟ್ಟಿಗೆ ತುಂಬಿಕೊಂಡು ಹಿಂದಿನ ರಾತ್ರಿಯೇ ನಮ್ಮ ಜೊತೆ ಕಾರು ಹತ್ತಿದಳು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ನಮ್ಮ ಹಳ್ಳಿ ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ತೋಟಕ್ಕೆ ಹೋಗುವ ಬಾಯಲ್ಲಿದ್ದ ಅಡ್ಡಗಳುವಿನ ದಣಪೆ ಇರಲಿಲ್ಲ, ಅಲ್ಲೊಂದು ಕಬ್ಬಿಣದ ಗೇಟು ನಿಂತಿತ್ತು. ಮನೆಯ ಬಾಗಿಲಿಗೂ ಹೊಸ ಬೀಗ. ಅಮ್ಮ ಸೊಂಟದ ಕೀಲಿಕೈ ಗೊಂಚಲು ತೆಗೆದು ಒಂದೊಂದನ್ನೇ ಹಾಕಿ ನೋಡಿದಳು. ಯಾವುದೂ ಹಿಡಿಯಲಿಲ್ಲ. ಆ ವರ್ಷದ ಚರಗವನ್ನು ರಸ್ತೆಯ ಪಕ್ಕದ ದರೆಯ ಮೇಲೆ ಇಟ್ಟು ಬಂದೆವು.

ಬೀಗ ಹಾಕಿದವನು ರಾತ್ರಿ ಬೇಲಿ ಹಾರಿ ಬಂದವನಲ್ಲ, ನಮ್ಮ ಅಂಗಳದಲ್ಲೇ ಕೂತು ಕಾಫಿ ಕುಡಿದವನು. ಆತನ ಹೆಸರು ಇಲ್ಲಿ ಬೇಡ, ವಿಷಯ ಕೋರ್ಟಿನಲ್ಲಿದೆ. ಊರಲ್ಲಿ ಮನೆ, ತೋಟ ಬಿಟ್ಟು ಬಂದವರು ಎಷ್ಟೋ ಜನ ನಮ್ಮ ಹಾಗೇ ಇದ್ದಾರೆ. ಅವರಿಗಾದರೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಅಪ್ಪಯ್ಯ ತೀರಿಕೊಂಡದ್ದು 2017ರಲ್ಲಿ. ಮಂಡಿನೋವು ಜಾಸ್ತಿಯಾಗಿ ಅಮ್ಮ 2019ರಲ್ಲಿ ನನ್ನ ಜೊತೆ ಬಂದಳು. ಹೊರಡುವ ಮುಂಚೆ ಆತ ಬಂದು, ‘ಕೊಟ್ಟಿಗೆ ಖಾಲಿ ಇರ್ತದಲ್ಲ ಅಮ್ಮ, ಹುಲ್ಲು ಒಟ್ಟಿಕೊಳ್ತೀನಿ’ ಅಂದ. ಬೇಡ ಅನ್ನುವುದು ಹೇಗೆ? ಮರುವರ್ಷ ಕೊರೋನಾ, ನಾವು ಹೋಗಲಾಗಲಿಲ್ಲ. ‘ಫಸಲು ಹಾಳಾಗ್ತದೆ, ಚೇಣಿಗೆ ನನಗೇ ಕೊಡಿ’ ಅಂತ ಫೋನು ಮಾಡಿದ. ಚೇಣಿ ಅಂದರೆ ಮರದ ಮೇಲಿನ ಅಡಿಕೆ ಫಸಲನ್ನು ದುಡ್ಡಿಗೆ ಬಿಟ್ಟುಕೊಡುವುದು. ಕೊಟ್ಟೆವು, ಬಾಯಿ ಮಾತಿನಲ್ಲಿ. ದುಡ್ಡು ಒಂದು ವರ್ಷ ಪೂರ್ತಿ ಬಂತು, ಒಂದು ವರ್ಷ ಅರ್ಧ ಬಂತು, ಆಮೇಲೆ ನಿಂತಿತು. ಮಳೆಗಾಲದಲ್ಲಿ ಹೆಂಚು ನೋಡಿಕೊಳ್ಳಲು ಹಿತ್ತಿಲ ಬಾಗಿಲ ಕೀಲಿಕೈಯನ್ನೂ ನಾವೇ ಕೊಟ್ಟಿದ್ದೆವು. ಈಗ ಆತ ತೋರಿಸುವ ಕಾಗದಗಳಲ್ಲಿ ಮೂರು ವರ್ಷದ ಮನೆ ಕಂದಾಯದ ರಸೀದಿಯೂ ಇದೆ. ಪಂಚಾಯಿತಿಗೆ ಹೋಗಿ ತಾನೇ ಕಟ್ಟಿ, ತನ್ನ ಹೆಸರಲ್ಲಿ ಬರೆಸಿಕೊಂಡಿದ್ದಾನೆ. ರಸೀದಿಯಿಂದ ಮನೆ ಯಾರದ್ದೂ ಆಗುವುದಿಲ್ಲ. ಆದರೆ ನಮ್ಮ ಕೈಯಲ್ಲಿ ಅದೂ ಇರಲಿಲ್ಲ.

ಮೂರನೇ ದಿನ ನನ್ನ ತಮ್ಮ ಸಿಟ್ಟು ತಡೆಯಲಾರದೆ ಇಬ್ಬರನ್ನು ಕಟ್ಟಿಕೊಂಡು ಹೋಗಿ ಬೀಗ ಒಡೆದ. ಒಳಗೆ ಅಪ್ಪಯ್ಯನ ಮಂಚ ಇತ್ತು, ಬಚ್ಚಲ ತಾಮ್ರದ ಹಂಡೆ ಇರಲಿಲ್ಲ. ಅಷ್ಟರಲ್ಲಿ ಆತನೂ ಆತನ ಕಡೆಯವರೂ ಬಂದರು, ತಳ್ಳಾಟವಾಯಿತು. ಸಂಜೆಗೆ ಠಾಣೆಯಲ್ಲಿ ಮೊದಲು ದಾಖಲಾದದ್ದು ಆತನ ದೂರು: ನನ್ನ ತಮ್ಮ ಅತಿಕ್ರಮ ಪ್ರವೇಶ ಮಾಡಿ ಹೊಡೆದ ಅಂತ. ಅಪ್ಪಯ್ಯ ಕಟ್ಟಿಸಿದ ಮನೆಗೆ ಮಗ ಅತಿಕ್ರಮಿ! ನಮ್ಮ ದೂರಿಗೆ ಸಿಕ್ಕ ಉತ್ತರ, ‘ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ.’ ನಾವು ತಲೆಯಾಡಿಸಿ ಎದ್ದು ಬಂದೆವು. ಹಾಗೆ ಬರಬಾರದಿತ್ತು. ಅಪರಾಧದ ಉದ್ದೇಶದಿಂದ ಇನ್ನೊಬ್ಬರ ಮನೆಗೆ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಶಿಕ್ಷೆಯಿರುವ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಹಂಡೆ ಹೋದದ್ದು ಕಳವು. ಬರೆದೇ ಕೊಡಬೇಕು, ಸ್ವೀಕೃತಿ ಕೇಳಬೇಕು, ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಬೇಕು. ಬಾಯಲ್ಲಿ ಹೇಳಿ ಬಂದದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ.

ಈಗ ಹೇಳುವುದೇ ನಾವು ಮಾಡಿದ ಅತಿ ದೊಡ್ಡ ತಪ್ಪು. ಊರಿನ ಹಿರಿಯರು, ‘ಕೂತು ಮಾತಾಡುವ, ಕೋರ್ಟು ಗೀರ್ಟು ಯಾಕೆ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಮೊದಲು ದೀಪಾವಳಿ ಕಳೆಯಲಿ ಅಂತಾಯಿತು. ಆಮೇಲೆ ಅಡಿಕೆ ಕೊನೆ ಕೊಯ್ಲು ಮುಗಿಯಲಿ ಅಂತಾಯಿತು. ನಂತರ ಆತನ ಮನೆಯಲ್ಲಿ ಮದುವೆ. ನಾಲ್ಕು ಸಲ ಪಂಚಾಯ್ತಿ ಕೂತಿತು, ನಾಲ್ಕು ಸಲವೂ ಆತ ‘ಬಿಟ್ಟುಕೊಡ್ತೀನಿ, ಸ್ವಲ್ಪ ಟೈಮು ಕೊಡಿ’ ಅಂದ. ನಾವು ವಕೀಲರ ಕಚೇರಿ ಮೆಟ್ಟಿಲು ಹತ್ತಿದ್ದು 2025ರ ಮೇ ತಿಂಗಳಲ್ಲಿ. ಎಲ್ಲ ಕೇಳಿದ ಮೇಲೆ ಅವರು ಕ್ಯಾಲೆಂಡರು ತಿರುಗಿಸಿ ಒಂದೇ ಪ್ರಶ್ನೆ ಕೇಳಿದರು, ‘ಏಪ್ರಿಲ್ 17ರ ಒಳಗೆ ಯಾಕೆ ಬರಲಿಲ್ಲ?’

1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯಲ್ಲಿ 6ನೇ ಕಲಂ ಅಂತ ಒಂದಿದೆ. ಸ್ವಾಧೀನದಲ್ಲಿದ್ದವರನ್ನು ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ, ಹಾಗೆ ಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಬಹುದು. ಆಸ್ತಿ ಯಾರದ್ದು ಅಂತ ಸಾಬೀತು ಮಾಡುವ ಗೋಜೇ ಅದರಲ್ಲಿಲ್ಲ. ಮೊದಲು ನಾವಿದ್ದೆವು, ನಮ್ಮನ್ನು ಒಪ್ಪಿಗೆಯಿಲ್ಲದೆ ತಪ್ಪಿಸಿದರು, ಇಷ್ಟು ತೋರಿಸಿದರೆ ಸಾಕು. ಬೀಗ ಬೀಳುವ ಮುಂಚೆ, 2024ರ ಮೇನಲ್ಲಿ, ಒಂದು ಮದುವೆಗೆ ಹೋದವರು ಆ ಮನೆಯಲ್ಲೇ ಎರಡು ರಾತ್ರಿ ಮಲಗಿ ಬಂದಿದ್ದೆವು. ನಮ್ಮ ಕೈಯಲ್ಲಿ ಒಳ್ಳೆಯ ಕೇಸಿತ್ತು. ಆರು ತಿಂಗಳು ದಾಟಿತು, ಆ ಬಾಗಿಲು ಮುಚ್ಚಿತು. ಈಗ ಹೂಡಿರುವುದು ಹಕ್ಕು ಘೋಷಿಸಿ ಸ್ವಾಧೀನ ಕೊಡಿಸಿ ಅನ್ನುವ ದೊಡ್ಡ ದಾವೆ, ಎಷ್ಟು ವರ್ಷ ನಡೆಯುತ್ತದೋ. ಮಾತುಕತೆ ಬೇಡ ಅನ್ನುತ್ತಿಲ್ಲ. ದಾವೆ ಹೂಡಿಯೂ ಮಾತಾಡಬಹುದು, ರಾಜಿಯಾದರೆ ಕೋರ್ಟಿನಲ್ಲೇ ರಾಜಿ ಅರ್ಜಿ ಹಾಕಬಹುದು. ನಮಗೆ ಇದನ್ನು ಮೊದಲೇ ಹೇಳುವವರು ಸಿಗಲಿಲ್ಲ.

ದಾವೆಗೆ ಕಾಗದ ಜೋಡಿಸಲು ಹೋದಾಗ ಇನ್ನೊಂದು ಹುಳುಕು ಕಂಡಿತು. ಎಂಟು ವರ್ಷವಾದರೂ ಜಮೀನಿನ ದಾಖಲೆಯಾದ ಪಹಣಿ ಅಪ್ಪಯ್ಯನ ಹೆಸರಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸಿರಲಿಲ್ಲ. ‘ನಮ್ಮದೇ ಅಲ್ವಾ, ಎಲ್ಲಿ ಹೋಗ್ತದೆ’ ಅಂತ ಅಕ್ಕ ತಮ್ಮ ಇಬ್ಬರೂ ಸುಮ್ಮನಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಆಗುವ ಕೆಲಸ ಅದು. ಅದಿಲ್ಲದೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಿ ಗುರುತಿಸಲು, ನಮ್ಮ ಹೆಸರಲ್ಲಿ ಅರ್ಜಿ ಹಾಕುವಂತೆಯೂ ಇರಲಿಲ್ಲ. ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. ದಯವಿಟ್ಟು ಮೂರು ತಿಂಗಳಿಗೊಮ್ಮೆ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, ಅಷ್ಟು ನೋಡಿ ಮುಚ್ಚಬೇಡಿ, 12ರಲ್ಲಿ ಸಾಗುವಳಿದಾರ ಯಾರು ಅಂತಲೂ ನೋಡಿ.

ಆತನ ವಕೀಲರು ಈಗ ‘ನಾವು ಸ್ವಂತ ಹಕ್ಕಿನಲ್ಲೇ ಅನುಭವಿಸುತ್ತಾ ಬಂದಿದ್ದೇವೆ’ ಅನ್ನುತ್ತಿದ್ದಾರೆ. ಹೀಗೆ ಮಾಲೀಕರಿಗೆ ಎದುರಾಗಿ, ಎಲ್ಲರಿಗೂ ಕಾಣುವ ಹಾಗೆ ಹನ್ನೆರಡು ವರ್ಷ ಕೂತವನು ಹಕ್ಕು ಕೇಳಬಹುದು ಅನ್ನುವುದು ನಮ್ಮ ಕಾನೂನಿನಲ್ಲಿದೆ. ಆದರೆ ಅನುಮತಿಯ ಮೇಲೆ ಇದ್ದವನು, ನೋಡಿಕೊಳ್ಳಲು ಇದ್ದವನು ಎಷ್ಟು ವರ್ಷ ಇದ್ದರೂ ಹಕ್ಕುದಾರನಾಗುವುದಿಲ್ಲ. ಗೋವಾದ ಒಂದು ಮನೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೀಗೆ ಹೇಳಿದೆ. ಹಾಗಾದರೆ ಅನುಮತಿ ಕೊಟ್ಟದ್ದಕ್ಕೆ ಪುರಾವೆ ಏನು? ಆ ದಿನ ಒಂದು ಛಾಪಾ ಕಾಗದದ ಮೇಲೆ ‘ಇಂಥ ಮನೆಯ ಕೊಟ್ಟಿಗೆಯಲ್ಲಿ ಹುಲ್ಲು ಇಡಲು, ಇಂಥ ವರ್ಷದ ಅಡಿಕೆ ಕೊಯ್ಯಲು ಮಾತ್ರ ಒಪ್ಪಿಗೆ ಕೊಟ್ಟಿದೆ’ ಅಂತ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿದ್ದರೆ, ಇವತ್ತು ಆತನ ಬಾಯಿ ಕಟ್ಟುತ್ತಿತ್ತು. ಕಾಗದ ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ಅಂತ ಅಮ್ಮನಿಗೆ ಸಂಕೋಚ. ಈಗ ನಮಗೆ ಆಸರೆಯಾಗಿರುವುದು ಚೇಣಿ ದುಡ್ಡು ಬ್ಯಾಂಕಿಗೆ ಬಂದ ಎರಡು ನಮೂದುಗಳು, ಮತ್ತೆ ಮನೆ ಮುಚ್ಚಿದ್ದರೂ ತಿಂಗಳು ತಪ್ಪದೆ ಕಟ್ಟಿದ ಮೆಸ್ಕಾಂ ಕರೆಂಟು ಬಿಲ್ಲುಗಳು. ಆರ್‌ಆರ್ ನಂಬರು, ಅಂದರೆ ಕರೆಂಟು ಸಂಪರ್ಕದ ನಂಬರು, ಅಪ್ಪಯ್ಯನ ಹೆಸರಲ್ಲಿದೆ. ನೀವು ಊರಿಗೆ ಹೋದಾಗಲೆಲ್ಲ ಒಳಗೆ ಒಲೆ ಹಚ್ಚಿ, ಮಲಗಿ, ದಿನಾಂಕ ಬರುವ ಹಾಗೆ ಫೋಟೋ ತೆಗೆದಿಡಿ.

ಬೇಲಿಗೆ ಕರೆಂಟು ತಂತಿ ಎಳೆಯುವ ವಿಷಯ ಹೇಳಲೇಬೇಕು. ಮನೆಯಿಂದಾಚೆ ಒಂದು ಎಕರೆ ಬೇಣ, ಅಂದರೆ ಹುಲ್ಲುಗಾವಲು, ಇನ್ನೂ ನಮ್ಮ ಕೈಯಲ್ಲಿದೆ. ಅದಕ್ಕೂ ಬೇಲಿ ಸರಿಸಲು ಶುರು ಮಾಡಿದಾಗ ಯಾರೋ ತಮ್ಮನಿಗೆ, ‘ಪಂಪ್‌ಸೆಟ್ಟಿನಿಂದ ಲೈನ್ ಎಳೆದು ರಾತ್ರಿ ಬೇಲಿಗೆ ಕೊಡು, ಬುದ್ಧಿ ಬರ್ತದೆ’ ಅಂದಿದ್ದರು. ಹಂದಿಗೆ ಅಂತ ಹಾಗೆ ಎಳೆದ ತಂತಿಗೆ ದನ, ಆನೆ, ಮನುಷ್ಯರು ಸಿಕ್ಕಿ ಸತ್ತ ಸುದ್ದಿ ನಮ್ಮ ಕಡೆ ಹೊಸದಲ್ಲ. ಬರಿದೇ ಜಾಗಕ್ಕೆ ಕಾಲಿಟ್ಟವನನ್ನು ಕೊಲ್ಲುವ ಹಕ್ಕನ್ನು ಯಾವ ಕಾನೂನೂ ಕೊಟ್ಟಿಲ್ಲ. ಸೋಲಾರ್ ಬೇಲಿ ಬೇರೆ, ಅದು ಬಿಟ್ಟು ಬಿಟ್ಟು ಹೊಡೆಯುತ್ತದೆ, ಸರಿಯಾಗಿ ಹಾಕಿದ್ದರೆ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ನೇರ ಕರೆಂಟು ಮಾತ್ರ ಕನಸಿನಲ್ಲೂ ಬೇಡ. ನಾನು ತಮ್ಮನ ಕಾಲು ಹಿಡಿದು ತಡೆದೆ.

ಬೇಣದ ಖಾತೆ ಅಮ್ಮನ ಹೆಸರಿಗಾದ ಮೇಲೆ ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ಅಕ್ಕಪಕ್ಕದವರಿಗೆ ನೋಟಿಸು ಹೋಯಿತು, ಸರ್ವೆಯವರು ಬಂದು ಅಳೆದು ಗುರುತು ಮಾಡಿದರು. ಆ ಗುರುತಿಗೆ ಕಲ್ಲು ನೆಟ್ಟು, ಬೇಲಿ ತಂತಿ ಎಳೆದೆವು. ಕೂಲಿಗೆ ಬರುವ ಒಬ್ಬರು ವಾರಕ್ಕೊಮ್ಮೆ ಸುತ್ತು ಹಾಕಿ ಫೋನು ಮಾಡುತ್ತಾರೆ, ಸಂಬಳಕ್ಕೆ, ಬರೆದುಕೊಂಡ ಕಾಗದದ ಮೇಲೆ. ಈ ವರ್ಷದ ಭೂಮಿ ಹುಣ್ಣಿಮೆಗೆ ಅಲ್ಲೇ ಚರಗ ಇಟ್ಟೆವು. ಅಮ್ಮ ಕೋಲೂರಿಕೊಂಡು ಬೇಣ ಸುತ್ತಿ ಕಲ್ಲುಗಳನ್ನು ಎಣಿಸಿದಳು, ಒಂಬತ್ತು. ಹಳೆಯ ಕೀಲಿಕೈ ಗೊಂಚಲು ಸೊಂಟದಲ್ಲೇ ಇತ್ತು. ದಾವೆಯ ಮುಂದಿನ ತಾರೀಖು ಜನವರಿಯಲ್ಲಿ.