ಒಂದೂಕಾಲು ಇಂಚಿನ ಬಿ ಕ್ಲಾಸ್ ಜಿಐ ಪೈಪ್: ಬೋರ್‌ವೆಲ್‌ನಲ್ಲಿ ಎಂಟು ವರ್ಷದ ಬಳಕೆ

ಬಳಕೆ: ಸಬ್‌ಮರ್ಸಿಬಲ್ ಮೋಟಾರ್‌ಗೆ ಜಿಐ (ಸತು ಲೇಪಿಸಿದ ಕಬ್ಬಿಣ), 6 ಮೀಟರಿನ 20 ಪೈಪ್, ಸುಮಾರು 400 ಅಡಿ. ಅಂಕ: ಐದಕ್ಕೆ ನಾಲ್ಕು. ಕಡಿತವಾದ ಒಂದು ಅಂಕ ಥ್ರೆಡ್‌ನದು, ಅಂದರೆ ಪೈಪಿನ ತುದಿಯಲ್ಲಿ ಕೊರೆದ ತಿರುಪಿನದು.

ಗೊಂದಲ ಹೆಸರಿನಿಂದಲೇ ಶುರು. ಒಂದೂಕಾಲು ಇಂಚೆಂದರೆ 31.75 ಮಿ.ಮೀ.; ಈ ಪೈಪನ್ನು ಒಳಗೆ ಅಳೆದರೂ ಹೊರಗೆ ಅಳೆದರೂ ಆ ಲೆಕ್ಕ ಸಿಗದು. ಉಕ್ಕಿನ ಪೈಪಿನ ಭಾರತೀಯ ಮಾನಕ ಐಎಸ್ 1239ರಲ್ಲಿ ಇದರ ಹೊರವ್ಯಾಸ 42.4 ಮಿ.ಮೀ., ಮೂರೂ ಕ್ಲಾಸಿಗೆ ಒಂದೇ. ದಪ್ಪ ಮಾತ್ರ ಬೇರೆ: ಎ 2.6, ಬಿ 3.2, ಸಿ 4.0 ಮಿ.ಮೀ. ಹಾಗಾಗಿ ಲೋಡಿನಲ್ಲಿ ಎ ಕ್ಲಾಸ್ ಬೆರೆತು ಬಂದರೂ ಪೈಪು ಜೋಡಿಸುವ ಅದೇ ಸಾಕೆಟ್‌ಗೆ ಸಲೀಸಾಗಿ ಕೂರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಎ ಹಳದಿ, ಬಿ ನೀಲಿ, ಸಿ ಕೆಂಪು ಪಟ್ಟಿ. ಬಣ್ಣ ಯಾರು ಬೇಕಾದರೂ ಬಳಿಯಬಹುದು, ತೂಕ ಹಾಕಿಸಿ. ಹೊರವ್ಯಾಸದಿಂದ ದಪ್ಪ ಕಳೆದು, ಉಳಿದದ್ದನ್ನು ದಪ್ಪದಿಂದಲೂ 0.02466ರಿಂದಲೂ ಗುಣಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 6 ಮೀಟರಿಗೆ ಎ 15.3, ಬಿ 18.6, ಸಿ 22.7 ಕೆಜಿ, ಸತುವಿನ ಲೇಪಕ್ಕೆ ಅರ್ಧ ಕೆಜಿಯಷ್ಟು ಸೇರಿಸಿಕೊಳ್ಳಿ.

ಬೋರ್‌ವೆಲ್‌ಗೆ ಎ ಕ್ಲಾಸ್ ಬೇಡವೇ ಬೇಡ. ಥ್ರೆಡ್ ಸುಮಾರು 1.48 ಮಿ.ಮೀ. ಆಳಕ್ಕೆ ಕೊರೆಯುತ್ತದೆ. ಅದರ ಬುಡದಲ್ಲಿ ಎ ಕ್ಲಾಸಿಗೆ ಉಳಿಯುವುದು 1.1 ಮಿ.ಮೀ., ಬಿಗೆ 1.7, ಸಿಗೆ 2.5. ಎ ಬಿಟ್ಟು ಬಿ ಕೊಂಡರೆ ಉಕ್ಕಿನ ತೂಕ ಹೆಚ್ಚುವುದು ಐದನೇ ಒಂದು ಭಾಗ, ಥ್ರೆಡ್ ಬುಡದಲ್ಲಿ ಉಳಿಯುವ ದಪ್ಪ ಒಂದೂವರೆ ಪಟ್ಟು. ಇಳಿಬಿಟ್ಟ ಪೈಪಿನ ತೂಕ 370 ಕೆಜಿ ದಾಟುತ್ತದೆ, ಒಳಗಿನ ನೀರು 120 ಕೆಜಿ, ಜೊತೆಗೆ ಮೋಟಾರ್. ಇಷ್ಟನ್ನೂ ಹೊರುವುದು ಮೇಲ್ತುದಿಯ ಥ್ರೆಡ್. ಹೊಸದಾಗಿ ಹಾಕುವವರು ಮೇಲಿನ ನಾಲ್ಕೈದು ಪೈಪನ್ನಾದರೂ ಸಿ ಕ್ಲಾಸ್ ತೆಗೆದುಕೊಳ್ಳಿ.

ಎಂಟು ವರ್ಷದಲ್ಲಿ ನಡುಪೈಪು ಗಟ್ಟಿಯಾಗಿಯೇ ಇದೆ. ತುಕ್ಕು ಹಿಡಿದದ್ದು ಸಾಕೆಟ್ ಪಕ್ಕದಲ್ಲಿ, ಅದರಲ್ಲೂ ಸೈಟಿನಲ್ಲಿ ಕೊಯ್ದು ಥ್ರೆಡ್ ಹೊಡೆದ ಕಡೆ, ಏಕೆಂದರೆ ಥ್ರೆಡ್ ಕೊರೆಯುವ ಡೈ ಸತುವನ್ನೂ ಕೆತ್ತಿಹಾಕುತ್ತದೆ. ಸಾಕೆಟ್‌ನಿಂದ ಹೊರಗುಳಿದ ಥ್ರೆಡ್‌ಗೆ ಸತುವಿನ ಪೇಂಟ್ ಬಳಿಯಲೇಬೇಕು.

ಹೊರದೇಶದ ಪಂಪ್ ಇದ್ದರೆ ಅದರ ಥ್ರೆಡ್ ನೋಡಿ: ನಮ್ಮಲ್ಲಿ ಬಳಸುವ ಬಿಎಸ್‌ಪಿ ಬಗೆಯ ಥ್ರೆಡ್‌ಗೆ ಇಂಚಿಗೆ 11 ಸುತ್ತು, ಅಮೆರಿಕದ ಎನ್‌ಪಿಟಿ ಬಗೆಗೆ 11.5. ಕೆಲವು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ, ಕೂತಂತೆ ಕಾಣುತ್ತದೆ. ಅಲ್ಲಿ ಟೇಪ್ ಎಷ್ಟು ಸುತ್ತಿದರೂ ನೀರು ನಿಲ್ಲದು, ಸರಿಯಾದ ಅಡಾಪ್ಟರ್ ಹಾಕಿ.